ಉಡಿಯಲ್ಲಿ ಬಿದ್ದ ಗುತ್ತೇದಾರನ ಸೀರೆ

ಮಸ್ಕಿಯಲ್ಲಿ ಆದಮ್ಮನ ಮಾತು ಬಂದರೆ ಇವತ್ತಿಗೂ ಒಬ್ಬರಾದರೂ, 'ಯಾವ ಆದಮ್ಮ? ಇಬ್ಬರು ಗಂಡರ ಆದಮ್ಮನಾ?' ಎಂದು ಕೇಳುತ್ತಾರೆ. ಕೇಳಿ ಮೀಸೆಯಲ್ಲೇ ನಗುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಬ್ಬರು ಗಂಡರಂತೆ! ಆ ಹೆಂಗಸಿಗೆ ಒಬ್ಬನಾದರೂ ಪೂರ್ತಿ ದಕ್ಕಿದ್ದರೆ ನಾನು ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲ. ನನ್ನ ತಾಯಿ ದಾವಲ್‌ಬೀ ಅವಳ ಜೊತೆ ಗಾರೆ ಬುಟ್ಟಿ ಹೊತ್ತವಳು. ಅವಳು ಹೇಳಿದ್ದನ್ನೇ ಬರೆಯುತ್ತೇನೆ. ನಡುವೆ ಸಿಟ್ಟಿನ ಮಾತು ಬಂದರೆ ಅದು ನನ್ನದು. ಅಮ್ಮ ಈ ಕತೆ ಹೇಳುವಾಗ ಸಿಟ್ಟಾಗುತ್ತಿರಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಳು.

ಆದಮ್ಮನ ಗಂಡ ಜಂಬಣ್ಣ ಊರು ಬಿಟ್ಟದ್ದು ರಜಾಕಾರರ ಗಲಾಟೆಯ ವರ್ಷ, ನಲವತ್ತೆಂಟರ ಬೇಸಿಗೆಯಲ್ಲಿ. ಪ್ರಾಯದ ಗಂಡಸರು ಆಗ ತುಂಗಭದ್ರೆ ದಾಟಿ ಬಳ್ಳಾರಿ ಸೀಮೆಗೆ ಹೋಗಿಬಿಡುತ್ತಿದ್ದರು. ಹೊಳೆಯ ಆಚೆ ದಂಡೆ ನಿಜಾಮನದಲ್ಲ, ಅಷ್ಟೇ ಧೈರ್ಯ. ಭಾದ್ರಪದದ ತನಕ ಅವರ ಮನೆಗಳವರು ಓಡಿದರು. ಭಾದ್ರಪದದಲ್ಲಿ ಹಿಂದೂಸ್ತಾನದ ದಂಡು ಬಂದ ಮೇಲೆ ನಮ್ಮ ಸಾಬರ ಮನೆಗಳವರು ಓಡಿದರು. ಎರಡೂ ಕಡೆಯವರಲ್ಲಿ ಹೆಚ್ಚಿನವರು ತಿರುಗಿ ಬಂದರು. ಜಂಬಣ್ಣ ಬರಲಿಲ್ಲ.

ಹೋಗುವ ದಿನ ಅವನು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು: "ಮಳಿ ಹಿಡಿಯೂದ್ರಾಗ ಬರ್ತೀನಿ. ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ."

ಮಳೆ ಹಿಡಿಯಿತು, ಬಿಟ್ಟಿತು. ವರ್ಷ ಕಳೆದ ಮೇಲೆ ಹೊಸಪೇಟೆಯ ಕಡೆಯಿಂದ ಬಂದ ಒಬ್ಬ ಕೂಲಿಯವನು ಸುದ್ದಿ ತಂದ. ಜಂಬಣ್ಣ ಅಲ್ಲಿ ಡ್ಯಾಮಿನ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದಾನೆ, ಹೆಂಡತಿ ಬರುವುದು ಬೇಡ, ತಾನೇ ಬರುತ್ತೇನೆ ಅಂದಿದ್ದಾನೆ. ಅದಾದ ಮೇಲೆ ಒಂದು ಸುದ್ದಿಯೂ ಇಲ್ಲ. ಆದಮ್ಮ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ದಿನಾ ಹಣೆಗೆ ಕುಂಕುಮ ಇಟ್ಟುಕೊಂಡಳು, ಅವನ ತಾಟನ್ನು ತೊಳೆದು ಗೂಡಿನಲ್ಲಿ ಇಟ್ಟಳು. ಮಕ್ಕಳಿರಲಿಲ್ಲ. ಹೊಲವಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಹಟ: ಅವನು ಬಂದ ದಿನ ತಾನು ಅವನ ಹೆಂಡತಿಯಾಗಿಯೇ ಬಾಗಿಲು ತೆಗೆಯಬೇಕು.

"ಎಷ್ಟು ದಿನ ಹಿಂಗ ಕುಂದ್ರತಿ? ಉಡಿಕಿ ಮಾಡ್ಕೋ ಬೇ," ಎಂದು ಓಣಿಯ ಹೆಂಗಸರು ಹೇಳಿ ನೋಡಿದರು. ಉಡಿಕೆ ಎಂದರೆ ಅವರ ಮಂದಿಯಲ್ಲಿ ಗಂಡ ಸತ್ತವಳಿಗೆ, ಗಂಡ ಬಿಟ್ಟು ಹೋದವಳಿಗೆ ಆಗುವ ಎರಡನೆಯ ಮದುವೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ. ನಾಲ್ಕು ಜನರ ಎದುರು ಗಂಡು ಹೊಸ ಸೀರೆ ತರುತ್ತಾನೆ, ಹೆಣ್ಣು ಸೆರಗೊಡ್ಡುತ್ತಾಳೆ, ಅವನು ಸೀರೆಯನ್ನು ಅವಳ ಉಡಿಯಲ್ಲಿ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು. ಬಡವರು ಮಾಡಿಕೊಂಡ ಒಳ್ಳೆಯ ಪದ್ಧತಿ ಅದು, ನಾನು ಅದನ್ನು ದೂರುವುದಿಲ್ಲ. ಆದಮ್ಮ ಮಾತ್ರ ಉಡಿಕೆಯ ಹೆಸರೆತ್ತಿದವರ ಮನೆಗೆ ಬೆಂಕಿ ಕೇಳುವುದಕ್ಕೂ ಹೋಗುತ್ತಿರಲಿಲ್ಲ.

ಐವತ್ತೊಂದರ ಕೊನೆಗೆ ಮಸ್ಕಿಯಲ್ಲಿ ಸರಕಾರದ ದವಾಖಾನೆ ಕಟ್ಟುವ ಕೆಲಸ ಬಂತು. ಲಿಂಗಸುಗೂರಿನ ಕಚೇರಿಯಿಂದ ಹುಕುಂ ಆಯಿತು, ಊರ ಹೊರಗೆ ಗೂಟ ಹೊಡೆದರು. ಕೆಲಸ ಹಿಡಿದವನು ಹೈದರಾಬಾದಿನ ಒಬ್ಬ ದೊಡ್ಡ ಗುತ್ತೇದಾರ. ಅವನು ಮಸ್ಕಿಯ ಮುಖ ಕಂಡವನಲ್ಲ. ಅವನ ಕೈಯಿಂದ ಸಿಂಧನೂರಿನ ವೀರನಗೌಡ ತುಂಡುಗುತ್ತಿಗೆ ಹಿಡಿದ. ವೀರನಗೌಡನ ಕೈಯಿಂದ ಗೋಡೆಯ ಕೆಲಸವನ್ನು ಮೇಸ್ತ್ರಿ ಮಹಮ್ಮದಸಾಬ ಹಿಡಿದ. ಹೀಗೆ ಒಬ್ಬ ಹಿಡಿದದ್ದನ್ನು ಇನ್ನೊಬ್ಬನಿಗೆ ತುಂಡು ಮಾಡಿ ಕೊಡಬಾರದು ಎಂದು ಸರಕಾರದ ಕರಾರಿನಲ್ಲೇ ಇತ್ತು. ಊರ ಮಂದಿಗೇ ಕೆಲಸ ಕೊಡಬೇಕು ಎಂದೂ ಇತ್ತು. ಎರಡನೆಯ ಮಾತನ್ನು ನಡೆಸಿದರು, ಮೊದಲನೆಯದನ್ನು ನುಂಗಿದರು. ಓವರ್‌ಸಿಯರ್ ಸಾಹೇಬರು ಬಂದಾಗ ಮಹಮ್ಮದಸಾಬ ಬರೀ ಗೌಡರ ಆಳು, ಗೌಡರು ಬರೀ ಹೈದರಾಬಾದಿನವರ ಆಳು. ಸಾಹೇಬರಿಗೂ ಎಲ್ಲ ಗೊತ್ತಿತ್ತು.

ಮೇಸ್ತ್ರಿ ಒಂಟಿ ಆಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಜೋಡಿ ಬೇಕು. ಗಂಡ ಕಲ್ಲು ಎತ್ತಬೇಕು, ಹೆಂಡತಿ ಗಾರೆ ಹೊರಬೇಕು, ಇಬ್ಬರ ಕೂಲಿ ಗಂಡನ ಕೈಗೆ. ಒಂಟಿ ಗಂಡಸು ಕುಡಿದು ಮಲಗುತ್ತಾನೆ, ಒಂಟಿ ಹೆಂಗಸು ಯಾರದೋ ಕಣ್ಣಿಗೆ ಬಿದ್ದು ತಕರಾರು ತರುತ್ತಾಳೆ, ಜೋಡಿಯಾದರೆ ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಾರೆ ಎನ್ನುವುದು ಗುತ್ತೇದಾರರ ಲೆಕ್ಕಾಚಾರ. ಆ ಕಾಲಕ್ಕೆ ಎಲ್ಲ ಕಡೆ ಹೀಗೇ ನಡೆಯುತ್ತಿತ್ತಂತೆ, ಕಾಲುವೆಯ ಮೇಲೂ, ಡ್ಯಾಮಿನ ಮೇಲೂ.

ನಮ್ಮಪ್ಪ ಜಂಗ್ಲಿಸಾಬ್ ಗೌಂಡಿ, ಗೋಡೆ ಕಟ್ಟುವವನು. ಅಪ್ಪ ಅಮ್ಮ ಮೊದಲ ದಿನವೇ ಸೇರಿಕೊಂಡರು. ಆದಮ್ಮ ಬಂದು ಬೇಲಿಯ ಹತ್ತಿರ ನಿಂತಳು. ಮನೆಯಲ್ಲಿ ಜೋಳ ತೀರಿತ್ತು. ಅದೇ ಓಣಿಯ ಕರಿಬಸಪ್ಪನೂ ಬಂದು ನಿಂತಿದ್ದ. ಅವನ ಹೆಂಡತಿ ಹಿಂದಿನ ವರ್ಷ ಬಾಣಂತನದಲ್ಲಿ ತೀರಿಕೊಂಡಿದ್ದಳು. ಅವನು ಆದಮ್ಮನಿಗಿಂತ ಸಣ್ಣವನು, ಬುದ್ಧಿ ಬಂದಾಗಿನಿಂದ ಅವಳನ್ನು 'ಯಕ್ಕಾ' ಎಂದೇ ಕರೆದವನು.

ಮಹಮ್ಮದಸಾಬ ಇಬ್ಬರನ್ನೂ ನೋಡಿದ. "ನೀವಿಬ್ರೂ ಗಂಡ ಹೆಂಡ್ತಿ ಏನು?"

"ಅಲ್ರೀ," ಅಂದ ಕರಿಬಸಪ್ಪ. "ನಮ್ಮ ಓಣಿ ಅಕ್ಕ ರೀ."

"ಹಂಗಾರ ಕೆಲಸ ಇಲ್ಲ." ಮೇಸ್ತ್ರಿ ಹೊರಟವನು ಮತ್ತೆ ನಿಂತ. ಕೆಟ್ಟ ಮನುಷ್ಯ ಅಲ್ಲ ಅವನು. "ನೋಡ್ರಿ, ಗೌಡರು ಕೇಳಿದ್ರ ಜೋಡಿ ಅಂತ ಹೇಳ್ರಿ. ನಾನೂ ಹಂಗ ಹೇಳ್ತೀನಿ. ನನಗೇನು, ಒಬ್ಬ ಕಲ್ಲು ಎತ್ತಬೇಕು, ಒಬ್ಬಾಕಿ ಗಾರಿ ಹೊರಬೇಕು. ಮನ್ಯಾಗ ನೀವು ಯಾರಾರ ಇರ್ರಿ."

ಹೀಗೆ ಅವರು ಜೋಡಿಯಾದರು. ಬೆಳಗ್ಗೆ ಬೇರೆ ಬೇರೆ ಬಾಗಿಲಿನಿಂದ ಬರುತ್ತಿದ್ದರು, ಸಂಜೆ ಬೇರೆ ಬೇರೆ ಬಾಗಿಲಿಗೆ ಹೋಗುತ್ತಿದ್ದರು. ಕೂಲಿ ಕೈಗೆ ಬಂದ ಕೂಡಲೇ ಕರಿಬಸಪ್ಪ ಅವಳ ಪಾಲನ್ನು ಅಲ್ಲೇ ಕೊಟ್ಟುಬಿಡುತ್ತಿದ್ದ. ಅಮ್ಮನ ಪ್ರಕಾರ ಆ ಇಡೀ ಕೆಲಸದಲ್ಲಿ ಒಮ್ಮೆಯೂ ಜಗಳವಾಡದ ಜೋಡಿ ಅದೊಂದೇ. ನಿಜವಾದ ಗಂಡ ಹೆಂಡತಿ ಆಗಿದ್ದರೆ ತಾನೇ ಜಗಳ, ಎಂದು ಅಮ್ಮ ನಮ್ಮಪ್ಪನ ಕಡೆ ನೋಡಿ ಹೇಳುತ್ತಿದ್ದಳು.

ಸುಗ್ಗಿಯ ಹೊತ್ತಿಗೆ ಕಾಲುವೆ ಕೆಲಸದವರು ತುರ್ವಿಹಾಳದ ಕಡೆಯಿಂದ ಬಂದು ಆಳುಗಳನ್ನು ಎಳೆಯತೊಡಗಿದರು. ತನ್ನ ಜೋಡಿಗಳು ಓಡಿಹೋಗಬಾರದು ಎಂದು ವೀರನಗೌಡ ಒಂದು ಉಪಾಯ ಮಾಡಿದ. ಆಗ ಬಟ್ಟೆಗೆ ಕಂಟ್ರೋಲ್. ದುಡ್ಡಿದ್ದವರಿಗೂ ಒಂದು ಸೀರೆ ಸಿಗುವುದು ಕಷ್ಟ. ಅವನು ಎಲ್ಲಿಂದಲೋ ಒಂದು ಗಂಟು ಬಟ್ಟೆ ತರಿಸಿ, ಜೋಡಿಗೊಂದು ಧೋತರ, ಒಂದು ಸೀರೆ ಎಂದು ಸಾರಿಸಿದ. ಸೀರೆ ಉಟ್ಟವಳು ಛಾವಣಿ ಮುಗಿಯುವ ತನಕ ಬಿಟ್ಟು ಹೋಗುವ ಹಾಗಿಲ್ಲ.

ಸಂತೆಯ ದಿನ ಹಂಚಿದರು. ಸಂತೆಗೆ ಬಂದವರೆಲ್ಲ ನೋಡಲು ಕಟ್ಟಡದ ಮುಂದೆ ನೆರೆದಿದ್ದರು. ಬಟ್ಟೆ ಎಂದರೆ ಆಗ ಅಷ್ಟು ಆಸೆ. ವೀರನಗೌಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಬದಿಗೆ ಓವರ್‌ಸಿಯರ್ ಸಾಹೇಬರು. ಮೇಸ್ತ್ರಿ ಒಬ್ಬೊಬ್ಬ ಗಂಡಸನ್ನು ಕರೆದು ಅವನ ಕೈಗೆ ಬಟ್ಟೆ ಕೊಟ್ಟ. ಗೌಡನಿಗೆ ಸಾಹೇಬರ ಮುಂದೆ ದೊಡ್ಡತನ ಉಕ್ಕಿತು. "ಗಂಡಂದಿರು ನಿಮ್ಮ ನಿಮ್ಮ ಹೇಂತೇರಿಗೆ ನೀವ ಕೊಡ್ರಿ, ಎಲ್ಲರೂ ನೋಡ್ಲಿ!" ಎಂದು ಕೂಗಿದ.

ಕರಿಬಸಪ್ಪ ಸೀರೆ ಹಿಡಿದು ಆದಮ್ಮನ ಮುಂದೆ ನಿಂತ. ಬೇರೆ ದಿನವಾಗಿದ್ದರೆ 'ಯಕ್ಕಾ, ತಗೋ' ಅನ್ನುತ್ತಿದ್ದ. ಹಾಗೆ ಅಂದಿದ್ದರೆ ಅದು ತಮ್ಮನೊಬ್ಬ ಅಕ್ಕನಿಗೆ ನಾಗರಪಂಚಮಿಗೆ ಕೊಟ್ಟ ಸೀರೆಯಂತೆ ಆಗಿಬಿಡುತ್ತಿತ್ತು, ಜಗತ್ತಿನಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಗೌಡ ಎದುರಿಗೇ ಕೂತಿದ್ದ. ಅಕ್ಕ ಎಂದರೆ ಜೋಡಿ ಮುರಿಯಿತು, ಇಬ್ಬರ ಅನ್ನವೂ ಹೋಯಿತು. ಅವನು ಬಾಯಿ ಬಿಗಿಹಿಡಿದು ಸುಮ್ಮನೆ ಕೈ ಚಾಚಿದ. ಆದಮ್ಮ ಆಗಷ್ಟೇ ಗಾರೆ ಕಲೆಸುವಲ್ಲಿಂದ ಎದ್ದು ಬಂದಿದ್ದಳು, ಮೊಣಕೈ ತನಕ ಹಸಿ ಸುಣ್ಣ. ನಾಲ್ಕು ವರ್ಷಗಳಲ್ಲಿ ಅವಳು ಕಂಡ ಮೊದಲ ಹೊಸ ಸೀರೆ ಅದು. ಸುಣ್ಣದ ಕೈಯಿಂದ ಹೇಗೆ ಹಿಡಿಯುವುದು? ಮೊಣಕೈಯಿಂದಲೇ ಸೆರಗನ್ನು ಎತ್ತಿ ಒಡ್ಡಿದಳು. ಅವನು ಉಡಿಯಲ್ಲಿ ಹಾಕಿದ.

ನಮ್ಮಮ್ಮ ಪಕ್ಕದಲ್ಲೇ ಇದ್ದಳು. ಅವಳಿಗೆ ಆ ರಿವಾಜು ಗೊತ್ತಿರಲಿಲ್ಲ, ಸೀರೆಯ ಅಂಚು ಚೆನ್ನಾಗಿದೆ ಎಂದಳಷ್ಟೆ. ಗೊತ್ತಿದ್ದವರು ಸಂತೆಯ ಮಂದಿಯಲ್ಲಿ ಬೇಕಾದಷ್ಟಿದ್ದರು. ಜಂಬಣ್ಣನ ಅಕ್ಕ ಬಸವಣ್ಣೆಮ್ಮನೂ ಇದ್ದಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ಪಾಪ, ಬಡವರು, ಗುತ್ತೇದಾರನ ಸೀರೆಯಲ್ಲೇ ಮುಗಿಸಿಕೊಂಡರು, ಒಳ್ಳೆಯದೇ ಆಯಿತು ಎಂದುಕೊಂಡು ಮನೆಗೆ ಹೋದರು. ಅವರು ಕೆಡುಕು ಬಯಸಿದವರಲ್ಲ. ಆದರೂ ಹೇಳುತ್ತೇನೆ, ಬೈಯುವುದಿದ್ದರೆ ಬಾಯಿಬಿಟ್ಟು ಬೈಯುವ ಊರು ಒಂದು ಒಳ್ಳೆಯ ಮಾತನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ.

ಆ ದಿನದಿಂದ ಓಣಿಯಲ್ಲಿ ಯಾರೂ ಆದಮ್ಮನನ್ನು 'ಜಂಬಣ್ಣಂದು ಏನಾರ ಸುದ್ದಿ?' ಎಂದು ಕೇಳಲಿಲ್ಲ. ಕೇಳಿ ಕೇಳಿ ಬೇಸತ್ತಿರಬೇಕು ಎಂದು ಅವಳು ತಿಳಿದಳು. ಬಾವಿಯ ಹತ್ತಿರ ಹೆಂಗಸರು ಮೊದಲಿಗಿಂತ ಪ್ರೀತಿಯಿಂದ ಮಾತಾಡಿಸಿದರು. ಅದು ಯಾಕೆಂದೂ ಅವಳಿಗೆ ತಿಳಿಯಲಿಲ್ಲ. ಅವಳ ಲೆಕ್ಕದಲ್ಲಿ ಅದು ಕೂಲಿಯ ಸೀರೆ, ಬೆವರಿನ ಸೀರೆ. ಅದನ್ನು ಉಡದೆ ಮಡಿಸಿ ಇಟ್ಟಿದ್ದಳು. ಜಂಬಣ್ಣ ಬಂದ ದಿನ ಉಡುತ್ತೇನೆ ಎಂದು ಅಮ್ಮನಿಗೆ ಹೇಳಿದ್ದಳಂತೆ.

ಗೋಡೆಗಳು ಮುಗಿದವು. ಮಹಮ್ಮದಸಾಬ ತನ್ನ ತುಂಡು ಮುಗಿಸಿ ಕಾಲುವೆಯ ಕೆಲಸಕ್ಕೆ ಹೋದ. ಛಾವಣಿಯ ತುಂಡನ್ನು ಗೌಡ ಬೇರೊಬ್ಬ ಮೇಸ್ತ್ರಿಗೆ, ತೆಲುಗಿನವನಿಗೆ, ಕೊಟ್ಟ. ಆ ಬೇಸಿಗೆಯಲ್ಲೇ ಜಂಬಣ್ಣ ಬಂದ.

ಸುದ್ದಿ ಮುಟ್ಟಿದಾಗ ಆದಮ್ಮ ಏಣಿಯ ಮೇಲಿದ್ದಳು. ಬುಟ್ಟಿಯನ್ನು ಅಲ್ಲೇ ಕರಿಬಸಪ್ಪನ ಕೈಗೆ ಕೊಟ್ಟು ಓಡಿದಳು. ಮನೆಗೆ ಹೋದರೆ ಜಂಬಣ್ಣ ಇಲ್ಲ, ಅಕ್ಕನ ಮನೆಗೆ ಇಳಿದಿದ್ದಾನಂತೆ. ಹೊಸ ಸೀರೆ ಉಡುವುದಕ್ಕೂ ನಿಲ್ಲದೆ ಅಲ್ಲಿಗೆ ಹೋದಳು. ಬಸವಣ್ಣೆಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಒಳಗ ಬರಬ್ಯಾಡ. ಇನ್ನೊಬ್ಬನ ಉಡಿಕಿ ಹೇಂತಿ ನಮ್ಮ ಹೊಸ್ತಿಲಾ ದಾಟಬಾರದು."

"ಯಾರ ಉಡಿಕಿ ಯಕ್ಕಾ? ಏನ್ ಮಾತಾಡಾಕತ್ತಿ ನೀ?"

"ಸಂತ್ಯಾಗ ಊರೆಲ್ಲಾ ನೋಡ್ಯಾದ. ನಾನೂ ನೋಡೀನಿ. ಕರಿಬಸ್ಯಾ ಸೀರಿ ಹಾಕಿದ, ನೀ ಉಡಿ ಒಡ್ಡಿದಿ. ನಾನ ತಮ್ಮಗ ಹೇಳಿ ಕಳಿಸೀನಿ, ಬಂದು ಬಿಡುಗಡಿ ಮಾಡ್ಕೊಂಡು ಹೋಗು ಅಂತ."

ಬಸವಣ್ಣೆಮ್ಮನ ಹೆಗಲ ಮೇಲಿಂದ ಆದಮ್ಮನಿಗೆ ಒಳಗೆ ಕೂತ ಗಂಡ ಕಾಣಿಸಿದ. ಕೂದಲು ನೆರೆತಿತ್ತು. ಅವನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ನೆಲ ನೋಡಿದ. ನಾಲ್ಕು ವರ್ಷಗಳ ನಂತರ ಸಿಕ್ಕ ಗಂಡನ ಮುಖ ಅಷ್ಟೇ ಹೊತ್ತು. ಹಿಂದೆಯೇ ಓಡಿ ಬಂದಿದ್ದ ಅಮ್ಮ ಅವಳ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಮರುದಿನ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಅಮರಪ್ಪ ಎಂಬವರು ಅವರಲ್ಲಿ ದೊಡ್ಡವರು, ನ್ಯಾಯವಂತರು ಎಂದು ಹೆಸರಾದವರು. ಆದಮ್ಮ ನಡೆದದ್ದನ್ನೆಲ್ಲ ಹೇಳಿದಳು. ಕರಿಬಸಪ್ಪ ಕೈಮುಗಿದು, "ಆಕಿ ನನಗ ಅಕ್ಕ ರೀ, ದೇವ್ರಾಣಿ," ಅಂದ. ಬೇರೆ ಹೆಂಗಸರಿಗೂ ಅದೇ ದಿನ ಅದೇ ಸೀರೆ ಬಂದದ್ದನ್ನು ನಮ್ಮಪ್ಪ ಹೇಳಿದ.

ಅಮರಪ್ಪ ಕೇಳಿದರು: "ಉಳಿದಾರಿಗೆ ಅವರವರ ಗಂಡ ಕೊಟ್ಟಾನ. ನಿನಗ ಇಂವ ಕೊಟ್ಟಾನ. ಕೆಲಸಾ ಹಿಡಿಯೂವಾಗ ಜೋಡಿ ಅಂತ ಹೇಳಿದ್ದು ಖರೆನಾ?"

"ಖರೆ ರೀ. ಕೆಲಸಕ್ಕಂತ ಹೇಳಿದ್ವಿ. ಮೇಸ್ತ್ರಿನ ಹಂಗ ಹೇಳ್ರಿ ಅಂದ."

"ಆಂವ ಎಲ್ಲಿ ಅದಾನ? ಕೆಲಸಾ ಕೊಟ್ಟಾಂವ ಬಂದು, ಇದು ಸುಳ್ಳು ಜೋಡಿ, ನಾನ ಹೇಳ್ಸಿದ್ದು, ಸೀರಿ ನಮ್ಮದು ಅಂತ ಕಟ್ಟಿ ಮ್ಯಾಲೆ ಹೇಳ್ಲಿ. ಜಂಬಣ್ಣಗ ಹೇಂತಿ ಉಳದಂಗ. ಅಮಾಸಿ ತನಕ ಕಾಯ್ತೀವಿ. ಅದು ದಾಟಿದ್ರ ಬಿಡುಗಡಿ."

ನ್ಯಾಯದ ಮಾತೇ. ನಾನು ಎಷ್ಟು ಸಲ ಯೋಚಿಸಿದರೂ ಅಮರಪ್ಪನವರಲ್ಲಿ ತಪ್ಪು ಸಿಕ್ಕಿಲ್ಲ. ಆದರೆ ಕೆಲಸ ಕೊಟ್ಟವನು ಯಾರು? ಅದನ್ನು ಹುಡುಕಿಕೊಂಡು ಆದಮ್ಮ ಹೊರಟಳು. ಕರಿಬಸಪ್ಪ ಜೊತೆಗೆ ಹೋಗುವಂತಿರಲಿಲ್ಲ, ಹೋದರೆ ಜನರ ಮಾತಿಗೆ ಇನ್ನಷ್ಟು ಇಂಬು ಕೊಟ್ಟಂತೆ. ನಮ್ಮಮ್ಮ ಕೆಲಸ ಬಿಟ್ಟು ಹೋದಳು.

ಮೊದಲು ಸಿಂಧನೂರಿಗೆ, ಗೌಡನ ಮನೆಗೆ. ಅರ್ಧ ದಾರಿ ಯಾರದೋ ಬಂಡಿ, ಅರ್ಧ ದಾರಿ ಕಾಲು. ವೀರನಗೌಡ ಪಡಸಾಲೆಯಲ್ಲಿ ಎಲೆ ಹಾಕಿಕೊಳ್ಳುತ್ತ ಕೂತಿದ್ದ. ಆದಮ್ಮ ಅಂಗಳದಲ್ಲಿ ನಿಂತು ಹೇಳಿದ್ದನ್ನು ಕೇಳಿ ಅವನ ಮುಖ ಬಿಗಿಯಿತು.

"ಯಾವ ಸೀರಿ? ನಾ ಯಾರಿಗೂ ಸೀರಿ ಕೊಟ್ಟಿಲ್ಲ. ಆ ಕೆಲಸ ಹೈದರಾಬಾದಿನವರದು."

"ನೀವ ಕುರ್ಚಿ ಮ್ಯಾಲೆ ಕುಂತಿದ್ರಿ ಧಣಿ. ನಿಮ್ಮ ನಿಮ್ಮ ಹೇಂತೇರಿಗೆ ಕೊಡ್ರಿ ಅಂತ ಕೂಗಿದಾವರು ನೀವ."

"ಕುಂತಿದ್ರ ಏನಾತು? ನೋಡಾಕ ಬಂದಿದ್ದೆ. ತುಂಡುಗುತ್ತಿಗಿ ಅನ್ನೂದ ನಮ್ಮಲ್ಲಿ ಇಲ್ಲ. ನಿನ್ನ ಕೆಲಸಕ್ಕ ಹಚ್ಚಿದಾಂವ ಯಾರು, ಆಂವನ್ನ ಕೇಳು ಹೋಗು."

ಅವನ ಹೆದರಿಕೆ ಅಮ್ಮನಿಗೆ ಆಮೇಲೆ ತಿಳಿಯಿತು. ಯಾರೋ ಅರ್ಜಿ ಹಾಕಿ, ತುಂಡುಗುತ್ತಿಗೆಯ ಬಗ್ಗೆ ವಿಚಾರಣೆ ನಡೆಯುತ್ತಿತ್ತಂತೆ. ಸೀರೆ ನನ್ನದು ಅಂದರೆ ಆಳುಗಳೂ ನನ್ನವರು, ಕೆಲಸವೂ ನನ್ನದು ಎಂದು ಒಪ್ಪಿದ ಹಾಗೆ. ಆ ಒಂದು ಮಾತು ಅವನಿಗೆ ಮುಂದಿನ ಗುತ್ತಿಗೆಯನ್ನು ಕಳೆಯುತ್ತಿತ್ತು. ಅವಳಿಗೆ ಗಂಡನನ್ನು ಉಳಿಸುತ್ತಿತ್ತು. ಅವನು ತನ್ನದನ್ನು ನೋಡಿಕೊಂಡ. ನೀರು ಕೊಡಿರಿ ಎಂದು ಅಮ್ಮ ಕೇಳಿದ್ದಕ್ಕೆ ಬಾವಿ ಹೊರಗಿದೆ ಎಂದು ಕೈ ತೋರಿಸಿದನಂತೆ.

ಬಾವಿಯ ಹತ್ತಿರ ಒಬ್ಬ ಆಳು ಸಣ್ಣ ದನಿಯಲ್ಲಿ ಹೇಳಿದ, ಮಹಮ್ಮದಸಾಬ ದಢೇಸುಗೂರಿನ ಹತ್ತಿರ ಕಾಲುವೆಯ ಮೇಲೆ ಸೇತುವೆ ಕಟ್ಟುತ್ತಿದ್ದಾನೆ, ಅದೂ ಗೌಡರದೇ ತುಂಡು. ಇಬ್ಬರೂ ಅಲ್ಲಿಂದ ನಡೆದರು. ಆಗಿನ್ನೂ ಆ ಕಡೆ ಗದ್ದೆ ಇರಲಿಲ್ಲ. ಜೋಳ ಕೊಯ್ದ ಕರಿ ನೆಲ, ಬಿಸಿಲಿಗೆ ಬಾಯಿ ಬಿಟ್ಟಿತ್ತು. ನೀರಿಲ್ಲದ ಕಾಲುವೆಯ ಏರಿಯ ಮೇಲೆ ನಡೆಯುತ್ತ ಆದಮ್ಮ ಮಾತಾಡುತ್ತಲೇ ಇದ್ದಳಂತೆ. ಜಂಬಣ್ಣನಿಗೆ ಹಿಂಡಿಪಲ್ಯ ಎಂದರೆ ಪ್ರಾಣ, ಅಲ್ಲಿ ಯಾರು ಮಾಡಿ ಹಾಕಿರಬೇಕು, ಕೂದಲು ಎಷ್ಟು ನೆರೆತುಬಿಟ್ಟಿದೆ ನೋಡು ದಾವಲ್‌ಬೀ, ಎಂದು. ಅಮ್ಮ ಆ ದಾರಿಯನ್ನು ಕೊನೆಯ ತನಕ ಮರೆಯಲಿಲ್ಲ. ಅಷ್ಟು ಆಸೆಯನ್ನು ಒಬ್ಬ ಹೆಂಗಸಿನಲ್ಲಿ ತಾನು ಮತ್ತೆಂದೂ ನೋಡಲಿಲ್ಲ ಎನ್ನುತ್ತಿದ್ದಳು.

ಮಹಮ್ಮದಸಾಬ ಗುಡಿಸಲ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದ. ಎಲ್ಲ ಕೇಳಿ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದ.

"ನಾ ಬಂದು ಹೇಳಿದ್ರ ಗೌಡ ನನಗ ಮತ್ತ ತುಂಡು ಕೊಡಂಗಿಲ್ಲ, ಯವ್ವಾ. ನನ್ನ ಹಿಂದ ಇಲ್ಲಿ ಎಷ್ಟು ಜೋಡಿ ಅದಾವು ನೋಡು."

ಅಮ್ಮ ಮುಂದೆ ಬಂದಳು. "ಮೇಸ್ತ್ರಿ ಭಾಯಿ, ಜೋಡಿ ಅಂತ ಹೇಳ್ರಿ ಅಂದಾವರು ನೀವ. ಇಕಿ ಸುಳ್ಳು ಹೇಳಿದ್ದು ನಿಮ್ಮ ಬಾಯಿಂದ. ನಿಮ್ಮ ಗ್ವಾಡಿ ಎದ್ದು ನಿಂತ್ವು, ಇಕಿ ಮನಿ ಬಿದ್ದು ಹೊಂಟೈತಿ."

ಒಳಗಿನಿಂದ ಅವನ ಹೆಂಡತಿ ಮಕ್ತುಂಬೀ ಬಂದು, "ಹೋಗಿ ಹೇಳಿ ಬಾ ಜೀ. ನಾಳೆ ನನಗ ಹಿಂಗಾದ್ರ ಯಾರು ಬರಬೇಕು?" ಅಂದಳು. ಅವನು ರುಮಾಲು ಸುತ್ತಿಕೊಂಡು ಎದ್ದ. ಅವನು ಆಮೇಲೆ ಗೌಡನ ತುಂಡು ಕಳೆದುಕೊಂಡು ಮುಕ್ಕುಂದದ ಕಡೆ ಕೂಲಿ ಮಾಡಿದ ಎಂದು ಕೇಳಿದ್ದೇನೆ. ಆ ಇಡೀ ಗುತ್ತಿಗೆಯಲ್ಲಿ ಒಬ್ಬನೇ ಒಬ್ಬ ಗಂಡಸು ಎಂದರೆ ಅವನು.

ಅಮಾವಾಸ್ಯೆಗೆ ಮುಂಚೆಯೇ ಅವರು ಮಸ್ಕಿ ಮುಟ್ಟಿದರು. ಕಟ್ಟೆಯ ಸುತ್ತ ಜನ ಕೂಡಿತು. ಆದಮ್ಮ ಈ ಸಲ ಆ ಸೀರೆಯನ್ನು ಮಡಿಕೆಯ ಸಮೇತ ತಂದು ಕಟ್ಟೆಯ ಮೇಲೆ ಇಟ್ಟಳು. ಮಹಮ್ಮದಸಾಬ ನಿಂತು ಗಟ್ಟಿಯಾಗಿ ಹೇಳಿದ.

"ಇವರು ಗಂಡ ಹೆಂಡ್ತಿ ಅಲ್ಲ ಅಂತ ನನಗ ಮೊದಲ ಗೊತ್ತಿತ್ತು. ಜೋಡಿ ಅಂತ ಹೇಳ್ರಿ ಅಂತ ಹೇಳ್ಸಿದಾಂವ ನಾನು. ಸೀರಿ ಗೌಡರ ಗಂಟಿಂದು, ಈ ಹುಡುಗನ ಕೈ ಬರೇ ದಾಟ್ಸಿದ್ದು. ತಪ್ಪು ನಂದು. ಈ ತಾಯಿ ಮ್ಯಾಲೆ ಏನೂ ಇಲ್ಲ."

ಬಸವಣ್ಣೆಮ್ಮ ಬಾಯಿಗೆ ಸೆರಗು ಹಚ್ಚಿ ಅಳತೊಡಗಿದಳು. ಕರಿಬಸಪ್ಪ, ಎಲ್ಲರ ಎದುರು, ಸಣ್ಣ ಹುಡುಗನ ಹಾಗೆ ಬಿಕ್ಕಿದ. ಅಮರಪ್ಪನವರ ಮುಖ ಅರಳಿತು. "ಜಂಬಣ್ಣಾ, ನಿನ್ನ ಹೇಂತಿ ಚೊಕ್ಕ ಅದಾಳ. ಏಳು, ಮನಿಗೆ ಕರ್ಕೊಂಡು ಹೋಗು," ಅಂದರು.

ಜಂಬಣ್ಣ ಏಳಲಿಲ್ಲ.

ಅವನ ಮುಖವನ್ನು ನಮ್ಮಮ್ಮ ನೋಡುತ್ತಿದ್ದಳು. ಮಹಮ್ಮದಸಾಬ ಮಾತು ಶುರು ಮಾಡಿದಾಗಿನಿಂದ ಅದು ಕಪ್ಪಿಡುತ್ತ ಬಂದಿತ್ತು. ಹೆಂಡತಿ ನಿರಪರಾಧಿ ಎಂದು ತಿಳಿದ ಗಂಡನ ಮುಖ ಅದಲ್ಲ. ಅಮರಪ್ಪ ಮತ್ತೊಮ್ಮೆ ಕರೆದ ಮೇಲೆ ಅವನು ನೆಲ ನೋಡುತ್ತಲೇ ಹೇಳಿದ.

"ಅಲ್ಲೂ ಹಿಂಗ ರೀ. ಒಂಟಿ ಆಳಿಗೆ ಕಲ್ಲಿನ ಕೆಲಸ ಕೊಡಂಗಿಲ್ಲ. ಜೋಡಿ ಬೇಕು ಅಂದ್ರು. ಗಂಡ ಸತ್ತಾಕಿ ಒಬ್ಬಾಕಿ ಇದ್ಲು... ಮೊದಲು ಬರೇ ಹೆಸರಿಗೆ. ಆಮ್ಯಾಲೆ ನನಗ ಜ್ವರ ಬಂತು, ಆಕಿನೇ ನೋಡ್ಕೊಂಡ್ಲು. ಈಗ ಒಂದು ಕೂಸೈತಿ."

ಅಕ್ಕನ ಸುದ್ದಿ ಬಂದಾಗ ಅವನು ಹೊರಟದ್ದು ಬಿಡುಗಡೆ ಮಾಡಿಕೊಳ್ಳುವುದಕ್ಕೆ. ಆದಮ್ಮ ಉಡಿಕೆಯಾಗಿದ್ದಾಳೆ ಎಂದು ಕೇಳಿ ಅವನ ಎದೆಯ ಭಾರ ಇಳಿದಿತ್ತು. ಅದೇ ಭಾರವನ್ನು ಅವಳು ಅಷ್ಟು ದೂರ ನಡೆದು ಹೋಗಿ ತಂದು ಮತ್ತೆ ಅವನ ಮೇಲೆ ಇಟ್ಟಿದ್ದಳು.

ಆದಮ್ಮ ಅವನ ಮುಂದೆ ಹೋಗಿ ನಿಂತಳು. ಆಮೇಲೆ ಕೇಳಿದಳು: "ಮೇಸ್ತ್ರಿ ಸಿಗಲಾರದ ನಾ ಬರೇಗೈಲೆ ಬಂದಿದ್ರ, ನಿನಗ ಛಲೋ ಇತ್ತೇನು?"

ಅವನು ರುಮಾಲು ತೆಗೆದು ಮುಖ ಒರೆಸಿಕೊಂಡ. ಇಲ್ಲ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು. ಡ್ಯಾಮಿನ ಮೇಸ್ತ್ರಿಯ ಮುಂದೆ ಹೇಳಲು ಬಂದ ಸುಳ್ಳು ಹೆಂಡತಿಯ ಮುಂದೆ ಬರಲಿಲ್ಲ.

ಇಬ್ಬರನ್ನೂ ಇಟ್ಟುಕೋ, ನಮ್ಮಲ್ಲಿ ಇಲ್ಲದ್ದೇನಲ್ಲ ಎಂದು ಯಾರೋ ಅಂದರು. ಆದಮ್ಮ ತಲೆ ಅಲ್ಲಾಡಿಸಿದಳು. "ಕೂಸಿನ ಹತ್ರ ಹೋಗು. ಬಿಡುಗಡಿ ಬೇಕಂತ ಬಂದಿದ್ದಿ, ಕೊಟ್ಟೀನಿ," ಎಂದಷ್ಟೇ ಹೇಳಿದಳು. ಅವಳ ಕಣ್ಣಲ್ಲಿ ಹನಿ ನೀರು ಬರಲಿಲ್ಲವಂತೆ. ಹಾಗಾದರೆ ಕರಿಬಸಪ್ಪನ ಜೊತೆ ಈಗ ಖರೆ ಉಡಿಕೆಯೇ ಮಾಡಿಬಿಡೋಣ ಎಂದು ಒಬ್ಬ ಹಿರಿಯ ಬಾಯಿಬಿಟ್ಟ. ಕರಿಬಸಪ್ಪ ಅವನನ್ನು ಹೊಡೆಯಲು ಹೋದ. ಅಕ್ಕ ಎಂದವಳ ಜೊತೆ ಜೋಡಿ ಎಂದು ನಿಂತು ಇಷ್ಟೆಲ್ಲ ಆಯಿತು, ಇನ್ನು ಅವಳ ಪಕ್ಕದಲ್ಲಿ ಕಲ್ಲು ಎತ್ತಲಾರೆ ಎಂದು ಅವನು ಆ ಸಂಜೆಯೇ ಮಹಮ್ಮದಸಾಬನ ಜೊತೆ ಊರು ಬಿಟ್ಟ.

ಆಮೇಲೆ ಆದಮ್ಮ ನಾಲ್ಕು ವರ್ಷ ಬದುಕಿದಳು. ಸುಗ್ಗಿಯಲ್ಲಿ ಹೊಲದ ಕೂಲಿ, ಉಳಿದ ದಿನ ಅವರಿವರ ಮನೆಯಲ್ಲಿ ಬೀಸುವುದು, ಕುಟ್ಟುವುದು. ಐವತ್ತಾರರ ಮಳೆಗಾಲದಲ್ಲಿ, ನಮ್ಮ ಜಿಲ್ಲೆ ಮೈಸೂರಿಗೆ ಸೇರುತ್ತದೆ ಎಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ, ಜ್ವರ ಬಂದು ತೀರಿಕೊಂಡಳು. ಬಾಯಿಗೆ ನೀರು ಬಿಟ್ಟವಳು ನಮ್ಮಮ್ಮ. ಆದರೆ ಅಮ್ಮ ಕತೆಯನ್ನು ಆ ಸಾವಿನಲ್ಲಿ ಮುಗಿಸುತ್ತಿರಲಿಲ್ಲ. ಕಟ್ಟೆಯ ಮರುದಿನದ ಬೆಳಗಿಗೆ ತಿರುಗಿ ಬರುತ್ತಿದ್ದಳು.

ಆ ಬೆಳಗ್ಗೆ ಆದಮ್ಮ ಎಂದಿನಂತೆ ಬುಟ್ಟಿ ತೆಗೆದುಕೊಂಡು ಕೆಲಸಕ್ಕೆ ಬಂದಳು. ಛಾವಣಿಯ ಗಚ್ಚು ಹಾಕುವ ದಿನ, ಆಳುಗಳು ಬೇಕಾಗಿದ್ದವು. ತೆಲುಗಿನ ಮೇಸ್ತ್ರಿ ಬಾಗಿಲಲ್ಲಿ ನಿಂತು ಜೋಡಿಗಳನ್ನು ಒಳಗೆ ಬಿಡುತ್ತಿದ್ದ. ಅವನಿಗೆ ಕಟ್ಟೆಯ ಸುದ್ದಿ ಗೊತ್ತಿರಲಿಲ್ಲ.

"ನಿನ್ನ ಜೋಡಿ ಎಲ್ಲಿ?"

"ನನಗ ಜೋಡಿ ಇಲ್ರಿ."

"ಹಂಗಿದ್ರ ಕೆಲಸ ಇಲ್ಲ, ಆಚೆ ಸರಿ," ಎಂದು ಅವನು ಅವಳ ಹಿಂದಿನವರನ್ನು ಕರೆದ.

ಕಟ್ಟೆಯ ಮೇಲೆ ಅಳದವಳು ಅಲ್ಲಿ, ತಾನೇ ಗಾರೆ ಹೊತ್ತ ಗೋಡೆಯ ಬುಡದಲ್ಲಿ ಕೂತು, ಬಾಯಿಗೆ ಬುಟ್ಟಿ ಅಡ್ಡ ಹಿಡಿದು ಅತ್ತಳು. ಅಮ್ಮ ಏಣಿ ಇಳಿದು ಅವಳ ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟಳು. ಗಚ್ಚು ಒಣಗಿ ಹೋಗುತ್ತದೆ, ಬುಟ್ಟಿ ತಾ ಎಂದು ಮೇಲಿನಿಂದ ಕೂಗಿದರು. ಅಮ್ಮ ಬುಟ್ಟಿ ತುಂಬಿಸಿಕೊಂಡು ಮೇಲೆ ಹೋದಳು.